ಬಿಳಿಯ ಕುರಿ, ಕರಿಯ ಕಂಬಳಿ

ಕಂಬಳಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕರಿಯ ಬಣ್ಣ. ದೇವರ ಗದ್ದುಗೆಗೆ ಹಾಸುವುದು ಕರಿಯ ಕಂಬಳಿಯೇ. ಮುಂಗಾರಿನಲ್ಲಿ ಗದ್ದೆಗಿಳಿಯುವ ಮಲೆನಾಡಿನ ಆಳು ಕೊಪ್ಪೆ ಮಾಡಿ ಹೊದೆಯುತ್ತಿದ್ದುದೂ ಅದನ್ನೇ. ಆದರೆ ಹಾಸನದ ಹೆಸರನ್ನೇ ಹೊತ್ತ ಕುರಿಯ ತಳಿಯೊಂದುಂಟು. ಅದರ ಮೈ ಬಿಳುಪು, ಅಲ್ಲಲ್ಲಿ ಕಂದು ಇಲ್ಲವೆ ಕಪ್ಪು ಮಚ್ಚೆ. ಉಣ್ಣೆಯಂತೂ ಬಹು ಒರಟು. ಹಾಗಾದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ ಬಿಳಿಯ ಕುರಿಯಿಂದ ಕರಿಯ ಕಂಬಳಿ ಆಗುವ ಬಗೆ ಹೇಗೆ?

ಮೊದಲ ಉತ್ತರ ಸುಲಭವಾದುದು. ವರ್ಷಕ್ಕೆ ಎರಡು ಸಲ ಕತ್ತರಿಸಿದ ಉಣ್ಣೆಯಲ್ಲಿ ಕರಿಯದನ್ನು ಆರಿಸಿ ಬೇರೆ ನೂಲುವುದು, ಬಿಳಿಯದನ್ನು ಅಂಚಿನ ಗೆರೆಗೆ ಇಡುವುದು. ಹುಟ್ಟುಗಪ್ಪಿನ ಉಣ್ಣೆಗೆ ಬೆಲೆಯೂ ಹೆಚ್ಚು. ಅದು ಸಾಲದಾದಾಗ ಉಳಿದ ದಾರಿ ಒಲೆಯ ಮೇಲಿನ ಮಡಕೆ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಸಾಹೇಬರು 1807ರಲ್ಲಿ ಅಚ್ಚಾದ ತಮ್ಮ ಗ್ರಂಥದಲ್ಲಿ ಬೆಂಗಳೂರಿನ ಬಣ್ಣಗಾರರ ಕೆಲಸವನ್ನು ವಿಸ್ತಾರವಾಗಿ ಬರೆದಿದ್ದಾರೆ. ಗೃಹಿಣಿಯ ಮಡಕೆಗೆ ಅಂತಹ ಭಾಗ್ಯ ಒದಗಲಿಲ್ಲ.

ಆ ಮಡಕೆಗೆ ಬೇಕಾದುದಾದರೂ ಏನು? ಅಳಲೆಕಾಯಿ, ದಾಳಿಂಬೆಯ ಸಿಪ್ಪೆ, ಅಂಗಡಿಯ ಅನ್ನಭೇದಿ. ಅನ್ನಭೇದಿ ಇಲ್ಲದಿದ್ದರೆ ಬೆಲ್ಲದ ನೀರಿನಲ್ಲಿ ಹಲವು ದಿನ ನೆನೆದ ತುಕ್ಕು ಕಬ್ಬಿಣವೂ ಆಗುತ್ತದೆ. ಕಾಯಿಯ ಒಗರು ಕಬ್ಬಿಣದೊಡನೆ ಕೂಡಿತೆಂದರೆ ಕಪ್ಪು ಹುಟ್ಟಿತು. ನಮ್ಮ ಹಿರಿಯರು ಲೆಕ್ಕ ಬರೆಯಲು ಕಾಸಿಕೊಂಡ ಮಸಿಯೂ ಇದೇ ಕೂಟದ್ದು. ಕಾಗದಕ್ಕೂ ಕಂಬಳಿಗೂ ಒಂದೇ ಪಾಕ!

ಹಳದಿಗೆ ಅರಿಸಿನ, ಕೆಂಗಂದಿಗೆ ಈರುಳ್ಳಿಯ ಸಿಪ್ಪೆ. ಬಣ್ಣ ನಿಲ್ಲಲು ಪಟಿಕ ಬೇಕು: 100 ತೊಲ ನೂಲಿಗೆ ಸುಮಾರು 10 ತೊಲ. ಆದರೆ ಹತ್ತಿಯ ಬುದ್ಧಿ ಉಣ್ಣೆಗೆ ಸಲ್ಲದು. ಉಣ್ಣೆ ಕೂದಲಿನ ಜಾತಿ. ಸುಣ್ಣ, ಬೂದಿನೀರು ಅದನ್ನು ತಿನ್ನುತ್ತವೆ, ಹುಣಿಸೆಯ ಹುಳಿಯನ್ನು ಅದು ಸಹಿಸುತ್ತದೆ. ಆರತಿಯ ಓಕುಳಿಯಂತೆ ಅರಿಸಿನಕ್ಕೆ ಸುಣ್ಣ ಬೆರಸಿ ಕೆಂಪು ತರುವೆನೆಂದು ಹೊರಟವರಿಗೆ ನೂಲೂ ಕೆಟ್ಟು, ಕೆಂಪೂ ನಿಲ್ಲದು; ಹುಳಿ ತಗಲಿದೊಡನೆ ಹಳದಿಯೇ ಮರಳುತ್ತದೆ. ಮೈದಾನದ ಸವುಳು ಬಾವಿನೀರಿಗಿಂತ ಹೇಮಾವತಿಯ ನೀರು ಈ ಕೆಲಸಕ್ಕೆ ಮೇಲು. ಅಂಟುವಾಳದಿಂದ ತೊಳೆದು, ಕುದಿಯಗೊಡದೆ ಕಾಯಿಸಿ, ಮಡಕೆಯಲ್ಲಿಯೇ ಆರಗೊಡಬೇಕು. ನಾವೊಮ್ಮೆ ಅವಸರಪಟ್ಟು ಬಿಸಿ ಲಡಿಯನ್ನು ತಣ್ಣೀರಿಗೆ ಹಾಕಿ ಹಿಂಡಿದೆವು. ಅದು ಜಡೆಗಟ್ಟಿತು; ನೂಲಾಗಿ ಬಿಡಿಸಲು ಬರಲೇ ಇಲ್ಲ.

1856ರಲ್ಲಿ ಪರ್ಕಿನ್ ಎಂಬ ಹದಿನೆಂಟರ ಹುಡುಗನು ಲಂಡನ್ನಿನಲ್ಲಿ ಕಲ್ಲಿದ್ದಲ ಟಾರಿನ ಸರಕಿನಿಂದ ನೇರಿಳೆ ಬಣ್ಣವನ್ನು ತೆಗೆದನು. ಮುಂದೆ ಪುಡಿಬಣ್ಣದ ಪೊಟ್ಟಣಗಳು ಸಂತೆಗೆ ಬಂದುವು. ಒಂದು ಚಿಟಿಕೆಯಲ್ಲಿ ಮುಗಿಯುವ ಕೆಲಸಕ್ಕೆ ಅಳಲೆ ಕುಟ್ಟುವವರು ಯಾರು? ಈಗಂತೂ ಕುರಿಯನ್ನು ಸಾಕುವುದೇ ಮುಖ್ಯವಾಗಿ ಮಾಂಸಕ್ಕಾಗಿ.

ಮನೆಯ ಕಪ್ಪಿಗೆ ಇನ್ನೊಂದು ದೋಷವುಂಟು. ಬಣ್ಣ ತಂದ ಕಬ್ಬಿಣವೇ ಕಾಲಕ್ರಮದಲ್ಲಿ ಉಣ್ಣೆಯನ್ನು ಒಳಗಿನಿಂದ ತಿನ್ನುತ್ತದೆ. ಹುಟ್ಟುಗಪ್ಪಿನ ಕಂಬಳಿ ಅಜ್ಜನಿಂದ ಮೊಮ್ಮಗನಿಗೆ ಬರಬಹುದು. ಅಜ್ಜಿಯು ಕಾಸಿ ಕಪ್ಪು ಮಾಡಿದ ಎಳೆಯು ಮಡಿಕೆಯಲ್ಲಿ ಪುಡಿಯಾಗಿ ಉದುರಿರುತ್ತದೆ.