ಪರಿಚಿತ ಮತ್ತು ಹೊಸತರ ನಡುವೆ ಶಿಶುವಿನ ನೋಟ

ಮಾತು ಬಾರದ ಶಿಶುವಿನ ನೆನಪಿನಲ್ಲಿ ಏನು ಉಳಿಯುತ್ತದೆ ಎಂಬುದನ್ನು ಅರಿಯಲು ಮನೋವಿಜ್ಞಾನಕ್ಕೆ ಒದಗಿದ ಮುಖ್ಯ ಸಾಧನ ಅದರ ನೋಟ. 1950ರ ದಶಕದ ಕೊನೆಯಲ್ಲಿ ಅಮೆರಿಕದ ರಾಬರ್ಟ್ ಫ್ಯಾಂಟ್ಜ್, ಶಿಶುವಿನ ಮುಂದೆ ಎರಡು ಚಿತ್ರಗಳನ್ನಿಟ್ಟು, ಅದರ ಕಣ್ಣಾಲಿಯಲ್ಲಿ ಯಾವುದರ ಪ್ರತಿಬಿಂಬ ಎಷ್ಟು ಹೊತ್ತು ಮೂಡುತ್ತದೆಂದು ಸಣ್ಣ ಕಿಂಡಿಯಿಂದ ಗಮನಿಸುವ ವಿಧಾನವನ್ನು ರೂಪಿಸಿದರು. ಒಂದನ್ನು ಹೆಚ್ಚು ಹೊತ್ತು ನೋಡಿದರೆ ಎರಡರ ಭೇದ ಅದಕ್ಕೆ ತಿಳಿದಿದೆ ಎಂಬುದು ಇದರ ತರ್ಕ. 1964ರಲ್ಲಿ ಅವರು ಒಂದೇ ಚಿತ್ರವನ್ನು ಪ್ರತಿ ಸಲವೂ ಬೇರೊಂದು ಹೊಸ ಚಿತ್ರದೊಡನೆ ತೋರಿಸುತ್ತ ಹೋದಾಗ, ಎರಡು ತಿಂಗಳು ದಾಟಿದ ಶಿಶುಗಳು ಹಳೆಯದನ್ನು ಕ್ರಮೇಣ ಬಿಟ್ಟು ಹೊಸದರತ್ತ ತಿರುಗಿದವು.

ಇದಕ್ಕೆ ಸೈದ್ಧಾಂತಿಕ ತಳಹದಿಯನ್ನು ಒದಗಿಸಿದ್ದು ಸೋವಿಯತ್ ವಿಜ್ಞಾನಿ ಯೆವ್ಗೆನಿ ಸೊಕೊಲೊವ್ ಅವರ ಚಿಂತನೆ. ಮಿದುಳು ಕಂಡದ್ದರ ಒಂದು ಒಳಮಾದರಿಯನ್ನು ಕಟ್ಟಿಕೊಂಡು ಎದುರಿನ ವಸ್ತುವನ್ನು ಅದರೊಡನೆ ಹೋಲಿಸುತ್ತದೆ. ಎರಡೂ ಹೊಂದಿದಂತೆಲ್ಲ ಗಮನ ಇಳಿಯುತ್ತದೆ, ಹೊಂದದಿದ್ದರೆ ಕೆರಳುತ್ತದೆ. ಪುನರಾವರ್ತನೆಯಿಂದ ಗಮನ ಹೀಗೆ ಇಳಿಯುವುದನ್ನೇ ರೂಢಿಗೊಳ್ಳುವಿಕೆ ಎನ್ನುತ್ತಾರೆ. 1970ರ ದಶಕದಲ್ಲಿ ಜೋಸೆಫ್ ಫೇಗನ್ ಇದೇ ಹಾದಿಯಲ್ಲಿ ನಡೆದು, ಶಿಶುಗಳು ಒಮ್ಮೆ ಕಂಡ ಮುಖದ ಚಿತ್ರವನ್ನು ದಿನಗಳು ಕಳೆದ ಮೇಲೂ ಗುರುತಿಸಬಲ್ಲವೆಂದು ತೋರಿಸಿದರು.

ಆದರೆ ಹೊಸತೇ ಸದಾ ಗೆಲ್ಲುತ್ತದೆಂಬ ಊಹೆ ಹೆಚ್ಚು ಕಾಲ ನಿಲ್ಲಲಿಲ್ಲ. 1982ರಲ್ಲಿ ಸೂಸನ್ ರೋಸ್ ಮತ್ತು ಸಂಗಡಿಗರು, ಪರಿಚಯಕ್ಕೆ ಅಲ್ಪ ಸಮಯವಷ್ಟೇ ದೊರೆತಾಗ ಚಿಕ್ಕ ಶಿಶುಗಳು ಕಂಡದ್ದನ್ನೇ ಮತ್ತೆ ನೋಡಬಯಸುತ್ತವೆಂದೂ, ಸಮಯ ಹೆಚ್ಚಿದಂತೆ ಒಲವು ಹೊಸದರತ್ತ ಹೊರಳುತ್ತದೆಂದೂ ಕಂಡುಕೊಂಡರು. ಮೈಕೆಲ್ ಹಂಟರ್ ಮತ್ತು ಎಲಿನಾರ್ ಏಮ್ಸ್ 1988ರಲ್ಲಿ ಮಂಡಿಸಿದ ಮಾದರಿ ಇಂಥ ಫಲಿತಾಂಶಗಳನ್ನು ಒಂದು ಸೂತ್ರಕ್ಕೆ ತಂದಿತು: ಶಿಶು ಮೊದಲು ಯಾವ ಒಲವನ್ನೂ ತೋರದೆ, ಬಳಿಕ ಅರೆಬರೆ ಅರಿತದ್ದಕ್ಕೆ ಅಂಟಿಕೊಂಡು, ಅದನ್ನು ಪೂರ್ಣವಾಗಿ ಗ್ರಹಿಸಿದ ಮೇಲೆ ಹೊಸದಕ್ಕೆ ಹೊರಳುತ್ತದೆ, ಈ ಪಯಣದ ವೇಗವನ್ನು ವಯಸ್ಸು, ವಸ್ತುವಿನ ಜಟಿಲತೆ ಮತ್ತು ಪರಿಚಯದ ಅವಧಿ ನಿರ್ಧರಿಸುತ್ತವೆ.

ಮರೆವಿನ ಹಾದಿಯಲ್ಲಿ ಇದೇ ಕ್ರಮ ತಿರುವುಮುರುವಾಗುತ್ತದೆ. ಲೊರೇನ್ ಬಾರಿಕ್ ಮತ್ತು ಜೆಫ್ರಿ ಪಿಕನ್ಸ್ 1995ರಲ್ಲಿ ವರದಿ ಮಾಡಿದಂತೆ, ವಸ್ತುವಿನ ಚಲನೆಯೊಂದನ್ನು ನೋಡಿದ ಮೂರು ತಿಂಗಳ ಶಿಶುಗಳು ಒಂದು ನಿಮಿಷದ ಬಳಿಕ ಹೊಸ ಚಲನೆಯನ್ನು ಹೆಚ್ಚು ನೋಡಿದವು, ಮರುದಿನ ಎರಡನ್ನೂ ಸಮವಾಗಿ ನೋಡಿದವು, ತಿಂಗಳ ಬಳಿಕ ಹಳೆಯದನ್ನೇ ಹೆಚ್ಚು ನೋಡಿದವು. ನಡುವಣ ಸಮನೋಟವನ್ನು ಮರೆವೆಂದು ಓದಿದ್ದರೆ ಅದು ತಪ್ಪು ತೀರ್ಮಾನವಾಗುತ್ತಿತ್ತು.

ಈ ಎಚ್ಚರದ ಬೆಲೆ ದೊಡ್ಡ ವಾದವೊಂದರಲ್ಲಿ ಸ್ಪಷ್ಟವಾಯಿತು. 1985ರಲ್ಲಿ ರೆನೆ ಬೈಯಾರ್ಜೋನ್, ಎಲಿಜಬೆತ್ ಸ್ಪೆಲ್ಕಿ ಮತ್ತು ಸ್ಟ್ಯಾನ್ಲಿ ವಾಸರ್ಮನ್, 180 ಡಿಗ್ರಿ ಮಡಚುವ ಪರದೆಗೆ ಐದು ತಿಂಗಳ ಶಿಶುಗಳನ್ನು ರೂಢಿಗೊಳಿಸಿ, ಅದರ ಹಿಂದೆ ಪೆಟ್ಟಿಗೆಯಿಟ್ಟರು. ಪರದೆ ಪೆಟ್ಟಿಗೆಗೆ ತಾಗಿ ನಿಲ್ಲುವ ದೃಶ್ಯಕ್ಕಿಂತ ಪೆಟ್ಟಿಗೆಯ ಮೂಲಕವೇ ಹಾದುಹೋಗುವ ಅಸಾಧ್ಯ ದೃಶ್ಯವನ್ನು ಅವು ಹೆಚ್ಚು ನೋಡಿದ್ದರಿಂದ, ಮರೆಯಾದ ವಸ್ತುವೂ ಇದ್ದೇ ಇರುತ್ತದೆಂಬ ಅರಿವು ಅವಕ್ಕಿದೆಯೆಂದು ವಾದಿಸಿದರು. 2000ದಲ್ಲಿ ಲೆಸ್ಲಿ ಕೋಹೆನ್ ಮೊದಲಾದವರು, ಆ ಅಸಾಧ್ಯ ದೃಶ್ಯದ ಪೂರ್ಣ ಚಲನೆಯೇ ಶಿಶುಗಳಿಗೆ ಪರಿಚಿತವಾಗಿತ್ತೆಂದೂ, ರೂಢಿಗೊಳ್ಳುವಿಕೆ ಪೂರ್ಣವಾಗದಿದ್ದರೆ ಆ ದೀರ್ಘ ನೋಟಕ್ಕೆ ಪರಿಚಿತದ ಒಲವೇ ಸಾಕಷ್ಟು ಕಾರಣವೆಂದೂ ಆಕ್ಷೇಪಿಸಿದರು.

ಆರು ದಶಕಗಳ ಈ ಅಧ್ಯಯನದಿಂದ ತಿಳಿಯುವುದೇನೆಂದರೆ, ಯಾವ ಕಡೆಗೆ ವಾಲಿದರೂ ಒಲವು ನೆನಪಿಗೆ ಸಾಕ್ಷಿಯೇ. ಆದರೆ ಅದು ಯಾವ ಕಡೆಗೆ ವಾಲಬೇಕೆಂಬುದನ್ನು ಸಂಶೋಧಕರು ಪ್ರಯೋಗಕ್ಕೆ ಮೊದಲೇ ಕಾರಣಸಹಿತ ಹೇಳದೆ, ಫಲಿತಾಂಶ ಕಂಡ ಮೇಲೆ ವಿವರಣೆ ಹೊಂದಿಸಿದರೆ, ಆ ಸಾಕ್ಷ್ಯದಿಂದ ಯಾವ ಸಿದ್ಧಾಂತವನ್ನಾದರೂ ಸಮರ್ಥಿಸಬಹುದು.