ಹನುಮಂತನಪಟ್ಟಿಗೆ ಆಟ ತಂದ ರೇಡಿಯೊ

ಪಟ್ಟಿ ಎಂದರೆ ನಮ್ಮ ಹಟ್ಟಿಯೇ. ಕನ್ನಡದಲ್ಲಿ ಪಕಾರ ಹಕಾರವಾಯಿತು, ತಮಿಳಿನಲ್ಲಿ ಹಾಗೇ ಉಳಿಯಿತು. ತೇನಿ ಜಿಲ್ಲೆಯ ಉತ್ತಮಪಾಳ್ಯಕ್ಕೆ ಹತ್ತಿರದ ಹನುಮಂತನಪಟ್ಟಿ ಇವತ್ತು ಪಟ್ಟಣ ಪಂಚಾಯತಿ. 1996ರಲ್ಲಿ ತೇನಿ ಬೇರೆ ಜಿಲ್ಲೆಯಾಗುವ ತನಕ ಇದೆಲ್ಲ ಮಧುರೆಗೆ ಸೇರಿತ್ತು. 1895ರಲ್ಲಿ ಎಂಜಿನಿಯರ್ ಪೆನ್ನಿಕ್ವಿಕ್ ಕಟ್ಟಿಸಿದ ಪೆರಿಯಾರ್ ಅಣೆಕಟ್ಟಿನ ನೀರು ಈ ಕಂಬಂ ಕಣಿವೆಗೆ ಎರಡು ಬೆಳೆ ಭತ್ತ ಕೊಟ್ಟಿತು. ಪನ್ನೀರು ದ್ರಾಕ್ಷಿಯ ಚಪ್ಪರಗಳೂ ಎದ್ದವು. ಇದೇ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತ ಬಂದ ಕಪ್ಪಿಲಿಯರ್ ಒಕ್ಕಲಿಗರಿದ್ದಾರೆ.

ಕಣಿವೆಗೆ ಹೊರಗಿನ ಆಟ ಬಂದದ್ದು ಆಕಾಶವಾಣಿಯಿಂದ. ಹಳೆಯ ನಿಲಯ ತಿರುಚಿರಾಪಳ್ಳಿಯದು, 1939ರದ್ದು. ಮಧುರೆಗೆ ನಿಲಯ ಬರಲು 1987 ಆಗಬೇಕಾಯಿತು. ಅದಕ್ಕೂ ಹಿಂದೆ, ಮನೆಯಲ್ಲಿ ರೇಡಿಯೊ ಇಟ್ಟವರು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಕಟ್ಟಬೇಕಿದ್ದ ಕಾಲವೊಂದಿತ್ತು. ಇಲ್ಲದವರಿಗೆ ಪಂಚಾಯತಿ ರೇಡಿಯೊ ಇತ್ತು: ಒಂದು ಸಣ್ಣ ಕೋಣೆಯಲ್ಲಿ ಪೆಟ್ಟಿಗೆ, ಮೇಲೆ ಕಂಬಕ್ಕೆ ಕಟ್ಟಿದ ಸ್ಪೀಕರು. ತಮಿಳುನಾಡಿನ ಎಷ್ಟೋ ಹಳ್ಳಿಗಳು ಸುದ್ದಿ, ಹಾಡು, ಕ್ರಿಕೆಟ್ ಮೂರನ್ನೂ ಕೇಳಿದ್ದು ಅದರ ಕೆಳಗೆ ಕೂತು. ಮನೆಯ ಸೆಟ್ಟಿನ ದನಿ ಕುಗ್ಗಿದರೆ ಬ್ಯಾಟರಿ ಶೆಲ್ಲುಗಳನ್ನು ತೆಗೆದು ಬಿಸಿಲಿಗೆ ಸಾಲಾಗಿ ಇಡುತ್ತಿದ್ದರು. ಕಾದ ಶೆಲ್ಲು ಇನ್ನೊಂದಿಷ್ಟು ಹೊತ್ತು ಉಸಿರು ಹಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಒಂದು ವಿಕೆಟ್ ಬಿದ್ದರೂ ಸಾಕು!

ಮದರಾಸಿನ ಚೆಪಾಕ್ ಟೆಸ್ಟ್ ಆಗ ಪೊಂಗಲ್ ಸಮಯಕ್ಕೇ ಬರುತ್ತಿತ್ತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1975ರ ಜನವರಿ 11ರಂದು ವೆಸ್ಟ್ ಇಂಡೀಸ್ ಎದುರು ಭಾರತ 190ಕ್ಕೆ ಆಲೌಟ್. ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತಿದ್ದರು. ಅದರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಅಜೇಯ 97. ಆ ಟೆಸ್ಟನ್ನು ಭಾರತ 100 ರನ್ನಿನಿಂದ ಗೆದ್ದಿತು. ಏಳು ವರ್ಷದ ಮೇಲೆ, 1982ರ ಜನವರಿ 14ರಂದು, ಒಲೆಯ ಮೇಲೆ ಪೊಂಗಲ್ ಉಕ್ಕುವ ದಿನವೇ ವಿಶ್ವನಾಥ್ ಮತ್ತು ಯಶಪಾಲ್ ಶರ್ಮ ಇಂಗ್ಲೆಂಡಿಗೆ ಇಡೀ ದಿನ ಒಂದು ವಿಕೆಟ್ಟೂ ಕೊಡಲಿಲ್ಲ. ವಿಶ್ವನಾಥ್ ಕೊನೆಗೆ 222 ಹೊಡೆದರು. ಅವರ ಟೆಸ್ಟ್ ಬದುಕಿನಲ್ಲಿ ಅದೇ ಅತಿ ಹೆಚ್ಚು. ಮನೆಯಲ್ಲಿ ಕನ್ನಡವಾಡುವವನಿಗೆ ಆ ಹೆಸರು ಬೇರೆಯವರದು ಅನ್ನಿಸುವುದು ಹೇಗೆ?

ತಮಿಳು ವೀಕ್ಷಕ ವಿವರಣೆಯಲ್ಲಿ ಮನೆಮಾತಾದ ದನಿ ಅಬ್ದುಲ್ ಜಬ್ಬಾರ್ ಅವರದು. ಅವರು 2020ರಲ್ಲಿ ತೀರಿಕೊಂಡರು. ಮಧುರೆ ನಿಲಯದ ಆಮೇಲೆ ಕೊಡೈಕನಾಲ್ ಬೆಟ್ಟದ ಮೇಲಿಂದ ಕೊಡೈ ಎಫ್‌ಎಂ ಬಂತು, 100.5 ಮೆಗಾಹರ್ಟ್ಸ್, 10 ಕಿಲೋವಾಟ್. ಎಫ್‌ಎಂ ಅಲೆ ನೇರ ನೋಟದಷ್ಟು ದೂರಕ್ಕೇ ಹೋಗುವಂಥದ್ದು. ಆದರೆ ಎರಡು ಸಾವಿರ ಮೀಟರ್ ಎತ್ತರದಿಂದ ನೋಟ ದೂರ ಹರಿಯುತ್ತದಲ್ಲ, ಹಾಗಾಗಿ ಹಲವು ಜಿಲ್ಲೆಗಳಿಗೆ ಅದು ಕೇಳುತ್ತದೆ.

ಇಷ್ಟೆಲ್ಲ ಆದರೂ ಕಣಿವೆಯ ಸ್ವಂತ ಆಟವಾದ ಜಲ್ಲಿಕಟ್ಟಿಗೆ ರೇಡಿಯೊದಲ್ಲಿ ಸಿಕ್ಕ ಜಾಗ ತೀರ ಕಡಿಮೆ ಎಂಬುದು ನನ್ನ ನೋವು. ಮಾಟ್ಟುಪ್ಪೊಂಗಲ್ ದಿನ ಕಂಬಂ ಪಟ್ಟಣದ ನಂದಗೋಪಾಲನ್ ತಂಬಿರಾನ್ ಮಾಟ್ಟುತ್ತೊಳುವಿಗೆ ಹೋದರೆ ಇಲ್ಲಿನವರಿಗೆ ದನ ಎಂದರೆ ಏನೆಂದು ಗೊತ್ತಾಗುತ್ತದೆ. ಅಲ್ಲಿ ದನದ ಕೊಟ್ಟಿಗೆಯೇ ಗುಡಿ, ದನಗಳೇ ದೇವರು. ಒಕ್ಕಲಿಗರು ನಡೆಸಿಕೊಂಡು ಬಂದ ಜಾಗ ಅದು. ಇತ್ತ ಜಿಲ್ಲೆಯ ಪಲ್ಲವರಾಯನಪಟ್ಟಿಯಲ್ಲಿ ಜಲ್ಲಿಕಟ್ಟು. ಹೋರಿ ಬಾಗಿಲು ದಾಟುವ ಆ ಒಂದು ಗಳಿಗೆಯನ್ನು ಹೇಳಲು ಚೆಪಾಕಿನ ಮಾತು ಸಾಲದು. ದನ ಸಾಕಿದವರ ಮಾತೇ ಬೇಕು.

ಅದಕ್ಕೆ ದಾರಿ ಇದೆ. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ ದೇಶದ ಮೊದಲ ಸಮುದಾಯ ಬಾನುಲಿ ಶುರುಮಾಡಿತು. 2006ರಿಂದ ಸಂಘಸಂಸ್ಥೆಗಳಿಗೂ ಅವಕಾಶ ಸಿಕ್ಕಿತು. ನೂರು ವಾಟಿನ ಪ್ರಸಾರಕ ಹತ್ತು ಹದಿನೈದು ಕಿಲೋಮೀಟರ್ ಮುಟ್ಟುತ್ತದೆ. ಹನುಮಂತನಪಟ್ಟಿ, ಉತ್ತಮಪಾಳ್ಯ, ಚಿನ್ನಮನೂರಿಗೆ ಅಷ್ಟು ಧಾರಾಳ. ನಿಲಯ ಆಗುವ ತನಕ ಕಾಯುವುದೂ ಬೇಡ. ಕಣಿವೆಯ ಹುಡುಗರೇ, ಬರುವ ಪೊಂಗಲ್‌ಗೆ ನಿಮ್ಮ ಅಜ್ಜಂದಿರ ಎದುರು ಫೋನ್ ಹಿಡಿದು ಕೂತುಕೊಳ್ಳಿ. ಅವರು ಹೋರಿ ಹಿಡಿದ ಕತೆಯನ್ನು ಮನೆಯ ಕನ್ನಡದಲ್ಲೇ ಹೇಳಿಸಿ, ದಾಖಲಿಸಿ ಇಡಿ.