ವತನ ಎಂಬ ಮೂರಕ್ಷರ

ಏಳನೇ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ ಓದಿದ ನಾವು ಎಂಟನೆಯದಕ್ಕೆ ಹುಬ್ಬಳ್ಳಿಯ ಕನ್ನಡ ಹೈಸ್ಕೂಲೊಂದಕ್ಕೆ ಸೇರಿದೆವು. ಅಲ್ಲಿ ನಮ್ಮ ಪಕ್ಕ ಕೂರುತ್ತಿದ್ದ ಗೆಳೆಯ ದಲಿತರ ಹುಡುಗ, ಅವನ ತಂದೆ ರೈಲ್ವೆ ವರ್ಕ್‌ಶಾಪಿನಲ್ಲಿ ನೌಕರ. ಒಂದು ದಿನ ಯಾರ ಊರು ಯಾವುದು ಎಂಬ ಮಾತು ಬಂತು. ಅವನು ಹೇಳಿದ: “ನಮ್ಮಜ್ಜ ವತನ ಒಗದು ಹುಬ್ಬಳ್ಳಿಗೆ ಬಂದಾನ.”

ನಮ್ಮ ಎದೆ ಧಸಕ್ಕೆಂದಿತು. ಉರ್ದು ಪುಸ್ತಕಗಳಲ್ಲಿ ವತನ್ ಎಂದರೆ ಪ್ರಾಣ ಕೊಟ್ಟಾದರೂ ಉಳಿಸಿಕೊಳ್ಳುವಂಥದ್ದು. ವತನ್‌ನಿಂದ ಹೊರಗೆ ಹಾಕಲ್ಪಟ್ಟವನು ‘ಜಲಾವತನ್’, ಅದೇ ಇಲ್ಲದವನು ‘ಬೇವತನ್’. ಇವನ ಅಜ್ಜನನ್ನು ಯಾವ ದೊರೆ ಗಡೀಪಾರು ಮಾಡಿದನೋ ಎಂದು ಮರುಗಿ, “ಯಾರು ಓಡಿಸಿದರು?” ಎಂದು ಕೇಳಿದೆವು. ಅವನು ನಕ್ಕುಬಿಟ್ಟ. “ಯಾರೂ ಓಡಿಸಲಿಲ್ಲೋ ಮಾರಾಯ. ತಾನ ಒಗದ. ಚಲೋ ಆತು.”

ವತನ್ ಕಳೆದುಕೊಂಡು ‘ಚಲೋ ಆತು’ ಎನ್ನುವವನನ್ನು ನಾವು ಅದೇ ಮೊದಲು ಕಂಡದ್ದು. ಅವನ ಮಾತಿನ ಅರ್ಥ ನಮಗೆ ಪೂರ್ತಿಯಾಗಿ ತಿಳಿಯಲು ಬಹಳ ವರ್ಷಗಳು ಬೇಕಾದವು. ಆ ಹುಡುಕಾಟದಲ್ಲಿ ಈ ಮೂರಕ್ಷರದ ಪದ ಎಲ್ಲೆಲ್ಲಿಗೆ ಹೋಗಿ ಏನೇನಾಗಿದೆ ಎಂಬುದನ್ನು ಕಂಡು ಬೆರಗಾದೆವು.

ಪದ ಅರಬಿಯದು. ವಾವ್, ತೋಯ್, ನೂನ್ ಎಂಬ ಮೂರು ಅಕ್ಷರಗಳ ಧಾತು. 1311ರ ಸುಮಾರಿಗೆ ತೀರಿಕೊಂಡ ಇಬ್ನ್ ಮಂಝೂರ್‌ನ ‘ಲಿಸಾನುಲ್ ಅರಬ್’ ಎಂಬ ಮಹಾ ನಿಘಂಟಿನಲ್ಲಿ ವತನ್ ಎಂದರೆ ಮನುಷ್ಯ ನೆಲೆಸುವ ಜಾಗ. ಅಷ್ಟೇ ಅಲ್ಲ, ಕುರಿ ಮತ್ತು ದನಗಳು ಬಂದು ಮಲಗುವ ತಾಣಕ್ಕೂ ಅದೇ ಹೆಸರು. ಎಂದರೆ ನಮ್ಮ ದೊಡ್ಡಿ, ಕೊಟ್ಟಿಗೆ. ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಈ ಧಾತುವಿನ ಕ್ರಿಯಾಪದ ಬಳಕೆಯಾದ ಒಂದು ಸೊಗಸಾದ ಸಂದರ್ಭವಿದೆ. ಒಂಟೆ ತನ್ನ ತಾಣವನ್ನು ಹಿಡಿದುಕೊಳ್ಳುವ ಹಾಗೆ ಮಸೀದಿಯಲ್ಲಿ ಒಬ್ಬನು ಒಂದೇ ಜಾಗವನ್ನು ತನ್ನ ವತನ್ ಮಾಡಿಕೊಳ್ಳಬಾರದೆಂದು ಪ್ರವಾದಿಯವರು(ಸ) ತಡೆದರು. ಮೊದಲ ಸಾಲಿನ ಬಲತುದಿಯನ್ನು ಮೂವತ್ತು ವರ್ಷಗಳಿಂದ ಬಿಟ್ಟುಕೊಡದ ಹಿರಿಯರು ಪ್ರತಿ ಮೊಹಲ್ಲಾದಲ್ಲೂ ಇರುತ್ತಾರೆ. ಅವರಿಗೆ ಇದನ್ನು ಹೇಳುವ ಧೈರ್ಯ ನಮಗಂತೂ ಇಲ್ಲ.

ಕುರ್‌ಆನಿನಲ್ಲಿ ‘ವತನ್’ ಎಂಬ ಪದ ಇಲ್ಲ. ಅದೇ ಧಾತುವಿನ ‘ಮವಾತಿನ್’ ಎಂಬ ಬಹುವಚನ ಅತ್ತೌಬ ಅಧ್ಯಾಯದ 25ನೇ ಸೂಕ್ತದಲ್ಲಿ ಮಾತ್ರ ಬರುತ್ತದೆ, ಅಲ್ಲಿ ಅದಕ್ಕೆ ರಣಾಂಗಣಗಳೆಂಬ ಅರ್ಥ. ಮಕ್ಕಾದಿಂದ ಹೊರದಬ್ಬಲ್ಪಟ್ಟವರ ಬಗ್ಗೆ ಹೇಳುವಾಗ ಕುರ್‌ಆನ್ ಬಳಸುವುದು ‘ದಿಯಾರ್’, ಅಂದರೆ ಮನೆಗಳು ಎಂಬ ಪದವನ್ನು. ಹುಟ್ಟೂರಿನ ಪ್ರೀತಿ ಆಗಲೂ ಇತ್ತು. ಮಕ್ಕಾ ಬಿಡುವಾಗ ಆ ಊರನ್ನು ಕುರಿತು ಪ್ರವಾದಿಯವರು(ಸ) ಆಡಿದ ನೋವಿನ ಮಾತು ತಿರ್ಮಿದಿ ಸಂಗ್ರಹದಲ್ಲಿದೆ. ಆದರೆ ಆಗಸ್ಟ್ 15ರ ಭಾಷಣಗಳಲ್ಲಿ ನಮ್ಮ ಮೌಲವಿಗಳು ತಪ್ಪದೆ ಹೇಳುವ, ವತನ್‌ನ ಪ್ರೀತಿ ಈಮಾನಿನ ಅಂಗ ಎಂಬ ಮಾತಿದೆಯಲ್ಲ, ಅದಕ್ಕೆ ಹದೀಸ್ ಎಂಬ ಆಧಾರವಿಲ್ಲವೆಂದು ಹದೀಸ್ ಪಂಡಿತರೇ ಹೇಳಿದ್ದಾರೆ. ಮಾತು ಒಳ್ಳೆಯದೇ. ಅದು ಪ್ರವಾದಿ ವಚನವಲ್ಲ, ಅಷ್ಟೆ.

ನಮ್ಮ ಮನೆಯಲ್ಲಿ ಈ ಪದ ಮೊದಲು ಕೇಳಿಬಂದದ್ದು ನಮಾಝಿನ ಲೆಕ್ಕದಲ್ಲಿ. ಹನಫೀ ಫಿಕ್ಹ್‌ನಲ್ಲಿ ಹುಟ್ಟಿ ಬೆಳೆದ ಅಥವಾ ಶಾಶ್ವತವಾಗಿ ನೆಲೆಸಿದ ಊರು ‘ವತನೆ ಅಸ್ಲೀ’, ಹದಿನೈದು ದಿನ ಅಥವಾ ಹೆಚ್ಚು ನಿಲ್ಲುವ ಸಂಕಲ್ಪದ ಊರು ‘ವತನೆ ಇಕಾಮತ್’. ಎರಡೂ ಅಲ್ಲದ ಕಡೆ ಪ್ರಯಾಣಿಕನು ನಾಲ್ಕು ರಕಅತ್‌ಗಳ ನಮಾಝನ್ನು ಎರಡಕ್ಕೆ ಮುಗಿಸಬೇಕು. ನಮ್ಮ ಫೂಫಿಯನ್ನು ಕಲಬುರಗಿಗೆ ಕೊಟ್ಟಿತ್ತು. ವರ್ಷಕ್ಕೊಮ್ಮೆ ಎಂಟು ದಿನಕ್ಕೆ ತವರಿಗೆ ಬರುತ್ತಿದ್ದರು. ಮಧ್ಯಾಹ್ನ ನಡುಮನೆಯಲ್ಲಿ ದಾದಿಯೂ ಅವರೂ ಅಕ್ಕಪಕ್ಕ ನಿಂತು ಝುಹರ್ ಶುರುಮಾಡುತ್ತಿದ್ದರು. ಎರಡು ರಕಅತ್‌ಗೆ ಮಗಳು ಸಲಾಮ್ ಹೇಳಿ ಕೂರುವಳು, ತಾಯಿ ಇನ್ನೆರಡಕ್ಕೆ ಎದ್ದು ನಿಲ್ಲುವಳು. ಮದುವೆಯಾಗಿ ಗಂಡನ ಊರಿನಲ್ಲಿ ನೆಲೆಸಿದ ಮೇಲೆ ಹೆಣ್ಣಿನ ವತನ್ ಅದೇ, ತಾನು ಹುಟ್ಟಿದ ಮನೆಯಲ್ಲಿ ಅವಳು ಪ್ರಯಾಣಿಕಳು. ಶಾಸ್ತ್ರದ ಮಟ್ಟಿಗೆ ಇದೊಂದು ಸೌಲಭ್ಯ. ಆದರೂ ದಾದಿ ಒಮ್ಮೊಮ್ಮೆ ಸಲಾಮ್ ಮುಗಿಸಿ ಮಗಳ ಕಡೆ ನೋಡುತ್ತಿದ್ದ ರೀತಿ ನಮಗೆ ನೆನಪಿದೆ.

ಸೂಫಿಗಳು ಈ ಪದವನ್ನು ಭೂಮಿಯಿಂದಲೇ ಎತ್ತಿಬಿಟ್ಟರು. ಮೇಲೆ ಹೇಳಿದ ‘ಈಮಾನಿನ ಅಂಗ’ ಎಂಬ ಮಾತನ್ನೇ ಹಿಡಿದು ರೂಮಿ ತನ್ನ ಮಸ್ನವಿಯಲ್ಲಿ, ಆ ವತನ್ ಈ ದಡದಲ್ಲಿಲ್ಲ, ಆಚೆ ದಡದಲ್ಲಿದೆ ಎಂದು ತಿರುಗಿಸಿದ. ನಕ್ಷ್‌ಬಂದಿ ಪಂಥದ ನಿಯಮಗಳಲ್ಲಿ ‘ಸಫರ್ ದರ್ ವತನ್’ ಎಂಬುದೊಂದಿದೆ: ವತನ್‌ನೊಳಗೇ ಪ್ರಯಾಣ, ಅಂದರೆ ತನ್ನೊಳಗಿನ ಪ್ರಯಾಣ.

ಊರು ಎಂಬಷ್ಟೇ ಅರ್ಥವಿದ್ದ ಪದ ದೇಶವಾದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಈಜಿಪ್ಟಿನಿಂದ 1826ರಲ್ಲಿ ಪ್ಯಾರಿಸ್ಸಿಗೆ ಹೋದ ವಿದ್ಯಾರ್ಥಿಗಳ ತಂಡದ ಜೊತೆ ಇಮಾಮರಾಗಿ ತೆರಳಿದ್ದ ರಿಫಾಅ ಅತ್ತಹ್ತಾವಿ, ಫ್ರೆಂಚರ ದೇಶಭಕ್ತಿಯನ್ನು ಕಂಡು ಬಂದು, ಅದನ್ನು ಅರಬಿಯಲ್ಲಿ ಹೇಳಲು ಈ ಹಳೆಯ ಪದವನ್ನೇ ದುಡಿಸಿಕೊಂಡರು. ತುರ್ಕಿಯಲ್ಲಿ ಇದು ‘ವತಾನ್’ ಆಯಿತು. ಅಲ್ಲಿ ನಾಮಿಕ್ ಕೆಮಾಲ್ ಎಂಬ ಕವಿ ಸಿಲಿಸ್ತ್ರೆ ಕೋಟೆಯ ರಕ್ಷಣೆಯನ್ನು ಕುರಿತು ಬರೆದ ನಾಟಕದ ಹೆಸರಿನಲ್ಲೇ ಈ ಪದವಿತ್ತು. 1873ರ ಏಪ್ರಿಲ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಅದರ ಪ್ರದರ್ಶನವಾದಾಗ ಜನ ಹುಚ್ಚೆದ್ದು ಬೀದಿಗಿಳಿದರು. ಪ್ರಜೆಗಳು ಸುಲ್ತಾನನಿಗೆ ಜೈ ಎನ್ನಬೇಕೇ ಹೊರತು ನೆಲಕ್ಕೆ ಜೈ ಎನ್ನುವುದೆಂದರೇನು? ಸರಕಾರ ಬೆದರಿ ಕವಿಯನ್ನು ಸೈಪ್ರಸ್ ದ್ವೀಪದ ಫಾಮಗುಸ್ತಾಕ್ಕೆ ಗಡೀಪಾರು ಮಾಡಿತು. ವತನ್ ಎಂದು ಕೂಗಿದ್ದಕ್ಕೆ ಜಲಾವತನ್! ಇಂದು ತುರ್ಕಿಯಲ್ಲಿ ನಾಗರಿಕನಿಗೆ ‘ವತಾನ್‌ದಾಶ್’ ಎನ್ನುತ್ತಾರೆ, ಅಂದರೆ ಒಂದೇ ವತನ್‌ನ ಜೊತೆಗಾರ. ಅರಬಿಯಲ್ಲಿ ನಾಗರಿಕ ‘ಮುವಾತಿನ್’. ಅಫ್ಘಾನಿಸ್ತಾನದಲ್ಲಿ ಸ್ವದೇಶದವನನ್ನು ಕಂಡರೆ ಪ್ರೀತಿಯಿಂದ ‘ವತನ್‌ದಾರ್’ ಎಂದು ಕರೆಯುತ್ತಾರೆ. ಈ ಕೊನೆಯ ಪದವನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ನಮ್ಮ ಉರ್ದುವಿನಲ್ಲಿ ಎರಡೂ ಅರ್ಥಗಳು ಒಂದೇ ಮನೆಯಲ್ಲಿ ಬಾಳುತ್ತವೆ. ರೈಲಿನಲ್ಲಿ ಅಪರಿಚಿತರು “ಆಪ್ ಕಾ ವತನ್?” ಎಂದು ಕೇಳಿದರೆ ಭಾರತ ಎಂದು ಯಾರೂ ಉತ್ತರಿಸುವುದಿಲ್ಲ, ಸವಣೂರು ಎಂದೋ ಬಂಕಾಪುರ ಎಂದೋ ಹೇಳುತ್ತಾರೆ. ಇನ್ನೊಂದು ಅರ್ಥಕ್ಕಾಗಿ ದೊಡ್ಡವರೇ ಜಗಳಾಡಿದ್ದಾರೆ. 1904ರಲ್ಲಿ ಹಿಂದೂಸ್ತಾನವನ್ನು ತನ್ನ ವತನ್ ಎಂದು ಹಾಡಿದ ಇಕ್ಬಾಲರೇ ಮುಂದೆ ‘ವತನಿಯತ್’ ಎಂಬ ಕವಿತೆಯಲ್ಲಿ, ರಾಜಕೀಯದ ವತನ್ ಒಂದು ಹೊಸ ವಿಗ್ರಹವೆಂದು ತಿರಸ್ಕರಿಸಿದರು. 1938ರಲ್ಲಿ ದೇವಬಂದದ ಮೌಲಾನಾ ಹುಸೈನ್ ಅಹ್ಮದ್ ಮದನಿ, ಈ ಕಾಲದಲ್ಲಿ ಜನಾಂಗಗಳು ವತನ್‌ನಿಂದಲೇ ರೂಪುಗೊಳ್ಳುತ್ತವೆ, ಧರ್ಮದಿಂದಲ್ಲ ಎಂದರು. ಇಕ್ಬಾಲ್ ಸಿಟ್ಟಾಗಿ ಪದ್ಯದಲ್ಲೇ ಚುಚ್ಚಿದರು. ಮೌಲಾನಾ ಅದೇ ವರ್ಷ ‘ಮುತ್ತಹಿದಾ ಕೌಮಿಯತ್ ಔರ್ ಇಸ್ಲಾಮ್’ ಎಂಬ ಪುಸ್ತಕ ಬರೆದರು. ಹಿಂದೂ ಮುಸ್ಲಿಮರು ಸೇರಿ ಒಂದು ರಾಷ್ಟ್ರವೆಂಬುದು ಅದರ ವಾದ. ಈ ವಿಷಯದಲ್ಲಿ ನಾವು ಮೌಲಾನಾರ ಪಕ್ಷ. ಆದರೆ ಇಬ್ಬರ ವತನ್‌ಗಳೂ ನಮ್ಮ ಗೆಳೆಯನ ಅಜ್ಜ ಒಗೆದ ವತನದ ಹತ್ತಿರಕ್ಕೂ ಬರುವುದಿಲ್ಲ.

ಆ ವತನ ದಖ್ಖನಿನದು. ಮೊಘಲರ ಕಂದಾಯ ಭಾಷೆಯಲ್ಲಿ ‘ವತನ್ ಜಾಗೀರು’ ಎಂಬುದಿತ್ತು: ಉಳಿದ ಜಾಗೀರುಗಳು ಒಬ್ಬರಿಂದೊಬ್ಬರಿಗೆ ವರ್ಗವಾಗುತ್ತಿದ್ದರೆ, ರಜಪೂತ ಅರಸರ ಪಿತ್ರಾರ್ಜಿತ ನಾಡು ಮಾತ್ರ ಅವರ ವಂಶದಲ್ಲೇ ಉಳಿಯುತ್ತಿತ್ತು. ಹೀಗೆ ‘ಹುಟ್ಟೂರು’ ಎಂಬ ಪದಕ್ಕೆ ‘ವಂಶಪಾರಂಪರ್ಯ ಹಕ್ಕು’ ಎಂಬ ನೆರಳು ಬಿತ್ತು. ಆದಿಲಶಾಹಿ ಮತ್ತು ಮರಾಠರ ಆಳ್ವಿಕೆಯ ದಖ್ಖನಿನಲ್ಲಿ ನೆರಳೇ ಮೂಲವನ್ನು ನುಂಗಿತು. ದೇಸಾಯಿಕಿ, ಗೌಡಕಿ, ಕುಲಕರ್ಣಿಕೆಗಳೆಲ್ಲ ವತನಗಳಾದವು. ಹುದ್ದೆ, ಅದಕ್ಕೆ ಬಿಟ್ಟ ಭೂಮಿ, ಸುಗ್ಗಿಯಲ್ಲಿ ಬರುವ ಕಾಳು, ಹಬ್ಬದಲ್ಲಿ ಸಿಗುವ ಮೊದಲ ಮರ್ಯಾದೆ ಎಲ್ಲ ಸೇರಿ ಒಂದು ವತನ. ಅದಕ್ಕಾಗಿ ಅಣ್ಣತಮ್ಮಂದಿರು ತಲೆಮಾರುಗಟ್ಟಲೆ ಬಡಿದಾಡಿದರು. ಊರ ಸಭೆ ಕೂಡಿ ತೀರ್ಪಿನ ‘ಮಹಜರು’ ಬರೆಯುತ್ತಿತ್ತು. ಸಾಕ್ಷಿ ಸಾಲದಿದ್ದರೆ ಕಾದ ಎಣ್ಣೆಯಲ್ಲಿ ಕೈ ಅದ್ದಿಸುವ ದಿವ್ಯವೂ ಇತ್ತು. ವತನದಾರರು ಚಿಕ್ಕಪುಟ್ಟ ರಾಜರೇ ಸರಿ, ಇವರ ಬಗ್ಗೆ ಎಚ್ಚರವಿರಲಿ ಎಂದು ರಾಮಚಂದ್ರಪಂತ ಅಮಾತ್ಯ ತನ್ನ ‘ಆಜ್ಞಾಪತ್ರ’ದಲ್ಲಿ ಮರಾಠಾ ದೊರೆಗೆ ಬುದ್ಧಿ ಹೇಳಿದ. ಹಳ್ಳಿಯ ಮುಲ್ಲಾ, ಪೇಟೆಯ ಖಾಜಿ ಕೂಡ ಈ ಏರ್ಪಾಟಿನಿಂದ ಹೊರಗಿರಲಿಲ್ಲ. ಅವರ ಇನಾಮುಗಳನ್ನು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುವವರು ನಮ್ಮಲ್ಲಿದ್ದಾರೆ.

ಮೇಲಿನವರಿಗೆ ವತನವೆಂದರೆ ಹಕ್ಕು. ಕೆಳಗಿನವರಿಗೂ ಅದೇ ಹೆಸರು, ಆದರೆ ಅದು ಹಗ್ಗ. ಮರಾಠಿ ಸೀಮೆಯ ಮಹಾರರು, ನಮ್ಮ ಕಡೆಯ ಓಲೆಕಾರ, ತಳವಾರರೆಲ್ಲ ಹುಟ್ಟಿನಿಂದಲೇ ಊರಿನ ಆಳುಗಳು. ಮಹಾರ ವತನದ ಕೆಲಸಗಳನ್ನು ನೋಡಿ: ಕಂದಾಯದ ಹಣ ಹೊತ್ತು ತಾಲೂಕಿಗೆ ನಡೆಯಬೇಕು, ಗಡಿಕಲ್ಲು ತೋರಿಸಬೇಕು, ಸತ್ತವರ ಸುದ್ದಿಯನ್ನು ನೆಂಟರ ಊರಿಗೆ ಮುಟ್ಟಿಸಬೇಕು, ಸತ್ತ ದನ ಎಳೆಯಬೇಕು, ಅಧಿಕಾರಿ ಬಂದರೆ ಅವನ ಕುದುರೆಗೆ ಹುಲ್ಲು ಹಾಕಬೇಕು. ಹೊತ್ತು ಗೊತ್ತಿಲ್ಲ. ಅವನು ಸಿಗದಿದ್ದರೆ ಮನೆಯಲ್ಲಿ ಯಾರಿದ್ದರೆ ಅವರು. ಪ್ರತಿಫಲ ತುಂಡುತುಂಡಾದ ಭೂಮಿ ಮತ್ತು ರೈತರು ಕೊಟ್ಟರೆ ಕೊಟ್ಟರು ಎಂಬಂಥ ಕಾಳು. ಬ್ರಿಟಿಷರು 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಯಲ್ಲಿ ಇದನ್ನೆಲ್ಲ ಅಚ್ಚುಕಟ್ಟಾಗಿ ಕಟ್ಟಿಟ್ಟರು. ಧಾರವಾಡ, ಬೆಳಗಾವಿ, ವಿಜಾಪುರಗಳು ಆಗ ಮುಂಬಯಿ ಪ್ರಾಂತ್ಯದವೇ ಆದ್ದರಿಂದ ಈ ಕಾಯ್ದೆ ಇಲ್ಲಿಯೂ ನಡೆಯಿತು.

ಈ ಹಗ್ಗಕ್ಕೆ ಕೈಹಾಕಿದವರು ಡಾ. ಅಂಬೇಡ್ಕರ್. ತಮ್ಮ ‘ಬಹಿಷ್ಕೃತ ಭಾರತ’ ಪತ್ರಿಕೆಯಲ್ಲಿ 1927ರಲ್ಲಿ ಮಹಾರ ವತನದ ವಿರುದ್ಧ ಬರೆದರು. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಆ ಕಾಯ್ದೆಗೆ ತಿದ್ದುಪಡಿ ಮಂಡಿಸಿದರು. ಚಾಕರಿ ಬೇಡವೆನ್ನುವವನು ಪೂರ್ತಿ ಕಂದಾಯ ಕಟ್ಟಿ ಭೂಮಿಯನ್ನು ಎಲ್ಲ ರೈತರಂತೆ ಸ್ವಂತ ಮಾಡಿಕೊಳ್ಳಲಿ ಎಂಬುದು ಅದರ ತಿರುಳು. ವಿರೋಧ ಬಲವಾಗಿ 1929ರಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಅಡ್ಡಿ ಸರಕಾರದ್ದು ಮಾತ್ರವಾಗಿರಲಿಲ್ಲ. ಆ ತುಂಡು ಭೂಮಿಯೂ ಹೋದೀತೆಂಬ ಅಂಜಿಕೆ ಕೇರಿಯೊಳಗೇ ಇತ್ತು. ಕೊಟ್ಟಿಗೆಗೆ ಒಗ್ಗಿದ ಮೇಲೆ ಬಾಗಿಲು ತೆರೆದರೂ ಹೊರಗೆ ಮೇವು ಸಿಕ್ಕೀತೇ ಎಂಬ ಭಯ ಸಹಜ. ಇಬ್ನ್ ಮಂಝೂರ್ ಬರೆದಿಟ್ಟ ಆ ಹಳೆಯ ಅರ್ಥ ಅರಬಸ್ತಾನದಲ್ಲಿ ಮಸುಕಾಗಿ, ನಮ್ಮ ಹಳ್ಳಿಗಳಲ್ಲಿ, ಅದೂ ಮನುಷ್ಯರ ಮೇಲೆ ನಿಜವಾಯಿತೇ ಎಂದು ನಮಗೆ ಅನ್ನಿಸಿದ್ದುಂಟು. ಇದು ಭಾಷಾಶಾಸ್ತ್ರವಲ್ಲ, ಒಬ್ಬ ಕತೆಗಾರನ ಅನ್ನಿಸಿಕೆ.

1931ರ ಆಗಸ್ಟ್‌ನಲ್ಲಿ ಮುಂಬಯಿಯ ಮಣಿಭವನದಲ್ಲಿ ಗಾಂಧೀಜಿಯವರನ್ನು ಮೊದಲ ಬಾರಿ ಭೇಟಿಯಾದಾಗ, ತನಗೆ ತಾಯ್ನಾಡೇ ಇಲ್ಲವೆಂದು ಅಂಬೇಡ್ಕರ್ ಹೇಳಿದ್ದನ್ನು ಅವರ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಆ ಮಾತನ್ನು ಉರ್ದುವಿಗೆ ತರಲು ಕೂತರೆ ‘ತಾಯ್ನಾಡು’ ಎಂಬಲ್ಲಿ ‘ವತನ್’ ಎಂದೇ ಹಾಕಬೇಕು, ಬೇರೆ ಪದ ಸರಿಹೊಂದುವುದಿಲ್ಲ. ಹಾಗೆ ಹಾಕಿದಾಗ ವತನ ಬೇಡವೆಂದು ಶಾಸನಸಭೆಯಲ್ಲಿ ಹೋರಾಡಿದವನೇ ವತನ್ ಇಲ್ಲವೆಂದು ನೊಂದು ನುಡಿದಂತಾಗುತ್ತದೆ. ಅಫ್ಘಾನಿಸ್ತಾನದ ‘ವತನ್‌ದಾರ್’ ಎಂಬ ಕರೆಯನ್ನು ನಮ್ಮ ಗೆಳೆಯನ ಅಜ್ಜನ ಕಿವಿಗೆ ಹಾಕಿದ್ದರೆ ಅವನಿಗೆ ಏನು ಕೇಳಿಸುತ್ತಿತ್ತೋ.

ಕಾನೂನಿನಲ್ಲಿ ಇದು ಮುಗಿದದ್ದು ನಿಧಾನವಾಗಿ. ಕುಲಕರ್ಣಿ ವತನಗಳನ್ನು ಮುಂಬಯಿ ಸರಕಾರ 1950ರ ಕಾಯ್ದೆಯಲ್ಲೇ ತೆಗೆದುಹಾಕಿತು. ಉಳಿದ ಗ್ರಾಮ ಹುದ್ದೆಗಳಿಗೆ ಏಕೀಕರಣದ ನಂತರದ ಮೈಸೂರು ರಾಜ್ಯ 1961ರಲ್ಲಿ ರದ್ದತಿ ಕಾಯ್ದೆ ಮಾಡಿತು, ಅದು 1963ರ ಫೆಬ್ರವರಿ 1ರಂದು ಜಾರಿಗೆ ಬಂತು. ವತನದ ಭೂಮಿ ಸರಕಾರಕ್ಕೆ ಸೇರಿ, ಹಣ ಕಟ್ಟಿದ ವತನದಾರರಿಗೆ ಮರುಮಂಜೂರಾಗಬೇಕು ಎಂದು ನಿಯಮ. ಬಲ್ಲವರು ಬೇಗ ಮಾಡಿಸಿಕೊಂಡರು. ಅರಿಯದವರ ಮೊಮ್ಮಕ್ಕಳು ನ್ಯಾಯಾಲಯಗಳಿಗೆ ಅಲೆದಿದ್ದಾರೆ.

ಗೆಳೆಯನ ಅಜ್ಜ ಮಾತ್ರ ಇದಕ್ಕೆಲ್ಲ ಕಾಯಲಿಲ್ಲ. ಮಳೆಗಾಲದ ಒಂದು ರಾತ್ರಿ ಸಾವಿನ ಸುದ್ದಿ ಹೊತ್ತು ಆರು ಹರದಾರಿ ನಡೆದು ಬಂದವನು ಬೆಳಿಗ್ಗೆ ಗೌಡರ ಕಟ್ಟೆಯ ಮೇಲೆ ವತನದ ಕೋಲನ್ನಿಟ್ಟು ಹೆಂಡತಿ ಮಕ್ಕಳೊಂದಿಗೆ ಹುಬ್ಬಳ್ಳಿಯ ದಾರಿ ಹಿಡಿದನಂತೆ. ಎರಡೂವರೆ ಎಕರೆ ಹಿಂದೆ ಉಳಿಯಿತು. ಅದನ್ನು ಕೇಳಲು ಅವನ ಮಕ್ಕಳೂ ಹೋಗಲಿಲ್ಲ. ಇದನ್ನು ಗೆಳೆಯ ನಮಗೆ ಹೇಳಿದ್ದು ಹೈಸ್ಕೂಲು ಮುಗಿದು ಇಪ್ಪತ್ತು ವರ್ಷಗಳ ಮೇಲೆ, ರೈಲ್ವೆ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ. ಹುಬ್ಬಳ್ಳಿಯಲ್ಲೇ ಹುಟ್ಟಿ ಅಲ್ಲೇ ಬೆಳೆದವನು ಅವನು. ಆದರೂ ಯಾರಾದರೂ “ನಿಮ್ಮೂರು ಯಾವುದ್ರೀ?” ಎಂದು ಕೇಳಿದರೆ ಇಂದಿಗೂ ಅಜ್ಜ ಬಿಟ್ಟುಬಂದ ಆ ಹಳ್ಳಿಯ ಹೆಸರನ್ನೇ ಹೇಳುತ್ತಾನೆ.